ಓಡುವ ಮಂಡಿಯ ಒಳಗೆ

ಮಂಡಿಯ ಮೂಳೆಗಳ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿಯಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ಬಹುಪಾಲು ಕಡೆ 2ರಿಂದ 4 ಮಿಲಿಮೀಟರ್ ದಪ್ಪವಿರುವ ಈ ಪದರದ ತೂಕದಲ್ಲಿ ಶೇ. 65ರಿಂದ 80ರಷ್ಟು ನೀರೇ. ಉಳಿದದ್ದರಲ್ಲಿ ಮುಖ್ಯವಾದವು ಕೊಲಾಜೆನ್ ಎಳೆಗಳ ಬಲೆ ಮತ್ತು ಅದರೊಳಗೆ ತುಂಬಿರುವ ಅಗ್ರಿಕಾನ್ ಎಂಬ ಭಾರೀ ಅಣುಗಳು. ಋಣ ವಿದ್ಯುದಂಶವುಳ್ಳ ಅಗ್ರಿಕಾನ್ ನೀರನ್ನು ಒಳಕ್ಕೆಳೆದುಕೊಂಡು ಉಬ್ಬಲು ನೋಡುತ್ತದೆ, ಕೊಲಾಜೆನ್ ಬಿಡುವುದಿಲ್ಲ. ಮೃದ್ವಸ್ಥಿಯ ಬಿಗುವು ಬರುವುದು ಈ ಜಗ್ಗಾಟದಿಂದ.

ಓಟಗಾರನ ಪಾದ ನೆಲಕ್ಕೂರಿದಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಎಂಟು ಪಟ್ಟು ಬಲ ಬೀಳುತ್ತದೆ. ನಡಿಗೆಯಲ್ಲಿ ಅದು ಮೂರು ಪಟ್ಟಿನ ಒಳಗೇ. ಓಟವನ್ನು ದೂರುವವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಪಾದ ನೆಲದ ಮೇಲಿರುವುದು ಸುಮಾರು ಕಾಲು ಸೆಕೆಂಡ್ ಮಾತ್ರ. ಅಷ್ಟರಲ್ಲಿ ಅತಿಸೂಕ್ಷ್ಮ ರಂಧ್ರಗಳ ಮೂಲಕ ನುಸುಳಿ ಹೋಗಲು ನೀರಿಗೆ ಪುರುಸೊತ್ತಿಲ್ಲ. ಹಾಗೆ ಒಳಗೇ ಸಿಕ್ಕಿಬಿದ್ದ ನೀರು ಭಾರದ ಸಿಂಹಪಾಲನ್ನು ತಾನೇ ಹೊರುತ್ತದೆ. ಓಟದ ಹೆಜ್ಜೆ ಉದ್ದವಾದ್ದರಿಂದ ಕಿಲೋಮೀಟರಿಗೆ ಹೆಜ್ಜೆಗಳೂ ಕಡಿಮೆ. ಎಲ್ಲ ಕೂಡಿಸಿ ನೋಡಿದರೆ, ಅಷ್ಟೇ ದೂರ ಕ್ರಮಿಸಲು ಮಂಡಿ ಹೊರುವ ಒಟ್ಟು ಭಾರ ನಡಿಗೆಗೂ ಓಟಕ್ಕೂ ಹೆಚ್ಚುಕಡಿಮೆ ಒಂದೇ. ಓಟದ ನಂತರದ ಎಂಆರ್‌ಐನಲ್ಲಿ ಪದರ ತುಸು ತೆಳುವಾಗಿ ಕಾಣುತ್ತದೆ, ಕೆಲವೇ ಗಂಟೆಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಈ ಅಂಗಾಂಶದ ಜೀವಕೋಶಗಳಿಗೆ ಭಾರ ಬೇಕೇಬೇಕು. 1989ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಕರುವಿನ ಮೃದ್ವಸ್ಥಿಯ ಬಿಲ್ಲೆಗಳನ್ನು ಒತ್ತಿ ನೋಡಿದರು: ಒಂದೇ ಸಮನೆ ಒತ್ತಿಹಿಡಿದಾಗ ಹೊಸ ಅಣುಗಳ ತಯಾರಿ ತಗ್ಗಿತು, ಲಯಬದ್ಧವಾಗಿ ಒತ್ತಿ ಬಿಟ್ಟಾಗ ಹೆಚ್ಚಿತು. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ತಪ್ಪಿದವರಲ್ಲಿ ಮಂಡಿಯ ಮೃದ್ವಸ್ಥಿ ತೆಳ್ಳಗಾಗುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನಗಳ ಸಮೀಕ್ಷೆಯೊಂದರಲ್ಲಿ ಮಂಡಿ ಅಥವಾ ಸೊಂಟದ ಸಂಧಿವಾತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದವರಲ್ಲಿ ಶೇ. 10.2, ಸ್ಪರ್ಧಾತ್ಮಕ ಓಟಗಾರರಲ್ಲಿ ಶೇ. 13.3ರಷ್ಟು ಕಂಡಿತು. ನೋವಿದ್ದವರು ಓಟವನ್ನೇ ಬಿಟ್ಟಿರಬಹುದು ಎಂಬ ತಕರಾರು ನ್ಯಾಯವಾದದ್ದೇ. ಆದರೂ ಓಡಿದರೆ ಮಂಡಿ ಸವೆದೇ ತೀರುತ್ತದೆ ಎನ್ನುವ ವಾದ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಹಠಾತ್ ಪೆಟ್ಟಿನ ಕತೆ ಬೇರೆ. ಕಬಡ್ಡಿ ಆಟಗಾರನ ಪಾದ ಮ್ಯಾಟ್‌ಗೆ ಕಚ್ಚಿಕೊಂಡು ಮಂಡಿ ತಿರುಚಿದಾಗ, ಕೀಲಿನೊಳಗೆ ಮೂಳೆಗಳನ್ನು ಬಿಗಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಬಹುದು. ಅದೇ ಕ್ಷಣದಲ್ಲಿ ಮೂಳೆಗೆ ಮೂಳೆ ಅಪ್ಪಳಿಸಿ ಮೃದ್ವಸ್ಥಿಯೂ ಜಜ್ಜಿಹೋಗಬಹುದು. ಮೇಲ್ಪದರ ಬಿರುಕು ಬಿಟ್ಟ ಕಡೆ ಜೀವಕೋಶಗಳು ಸಾಯುತ್ತವೆ, ಮುಂದಿನ ದಿನಗಳಲ್ಲಿ ಅಕ್ಕಪಕ್ಕದವೂ ಸಾಯುತ್ತವೆ. ಉರಿಯೂತದ ಕಿಣ್ವಗಳು ಅಗ್ರಿಕಾನನ್ನು ಕತ್ತರಿಸಿ ಹೊರಹಾಕುತ್ತವೆ. ನರವೇ ಇಲ್ಲದ್ದರಿಂದ ಈ ನಾಶ ಗೊತ್ತೇ ಆಗುವುದಿಲ್ಲ. ನೋವು ಬರುವುದು ಕೀಲಿನ ಒಳಪೊರೆ, ಮೂಳೆ, ಅಸ್ಥಿರಜ್ಜುಗಳಿಂದ. ಎಸಿಎಲ್ ಹರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 10–20 ವರ್ಷಗಳಲ್ಲಿ ಸಂಧಿವಾತ ಕಾಣಿಸಿಕೊಳ್ಳುತ್ತದೆ. ಅಸ್ಥಿರಜ್ಜುವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದರೂ ಆ ಅಪಾಯ ಪೂರ್ತಿ ತಪ್ಪುವುದಿಲ್ಲ.

ಹಾಳಾದ ಮೃದ್ವಸ್ಥಿ ಮರಳಿ ಬೆಳೆಯದೆಂದು ಅಂಗರಚನಾಶಾಸ್ತ್ರಜ್ಞ ವಿಲಿಯಂ ಹಂಟರ್ ಲಂಡನ್ನಿನಲ್ಲಿ ಬರೆದದ್ದು 1743ರಲ್ಲಿ. ವಯಸ್ಕರಲ್ಲಿ ಅಗ್ರಿಕಾನ್ ನಿಧಾನವಾಗಿಯಾದರೂ ಹೊಸದಾಗುತ್ತದೆ, ಕೊಲಾಜೆನ್ ಬಲೆ ಮಾತ್ರ ಬಹುತೇಕ ಹರೆಯದಲ್ಲಿ ಹೆಣೆದದ್ದೇ. ಮೈಕ್ರೋಫ್ರ್ಯಾಕ್ಚರ್ ಚಿಕಿತ್ಸೆಯಲ್ಲಿ ಮೂಳೆಗೆ ಸಣ್ಣ ತೂತು ಕೊರೆದು ಮಜ್ಜೆಯ ರಕ್ತ ಒಸರುವಂತೆ ಮಾಡುತ್ತಾರೆ. ಗಾಯವೇನೋ ತುಂಬುತ್ತದೆ, ಆದರೆ ಒರಟು ನಾರಿನ ಅಂಗಾಂಶದಿಂದ. 1994ರಲ್ಲಿ ಸ್ವೀಡನ್ನಿನ ವೈದ್ಯರು ರೋಗಿಯದೇ ಜೀವಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಗಾಯಕ್ಕೆ ನಾಟಿ ಮಾಡಿದ ವರದಿ ಪ್ರಕಟಿಸಿದರು. ನಾಟಿಯ ನಂತರವೂ ಮಂಡಿಯನ್ನು ಸುಮ್ಮನೆ ಇಡುವಂತಿಲ್ಲ: ಮೊದಲು ಭಾರವಿಲ್ಲದ ಚಲನೆ, ಆಮೇಲೆ ವಾರವಾರಕ್ಕೂ ಇಷ್ಟಿಷ್ಟೇ ಭಾರ. ಓಟಕ್ಕೆ ಅನುಮತಿ ಸಿಗುವುದು ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲಿ.