ಅಚ್ಚುತಗಡಿನ ಲೋಹರೇಖೆಯೂ ‘ನಿಖರತೆ’ ಎಂಬ ಶಬ್ದವೂ

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಪಾರಿಭಾಷಿಕ ಶಬ್ದಗಳ ಪ್ರಶ್ನೆಯು ಕನ್ನಡಿಗರನ್ನು ಬಿಟ್ಟಿಲ್ಲ. ಇಂದಿನ ಬರಹಗಳಲ್ಲಿ ‘ನಿಖರತೆ’ ಎಂಬ ಒಂದೇ ಮಾತು ಎರಡು ಗುಣಗಳನ್ನು ಹೊರುತ್ತಿರುವುದು. ಫಲವು ಉದ್ದಿಷ್ಟವಾದ ಅಳತೆಗೆ ಸಮೀಪವಾಗಿರುವುದು ಒಂದು. ಎಷ್ಟು ಸಲ ಮಾಡಿದರೂ ಒಂದೇ ಫಲ ಬರುವುದು ಇನ್ನೊಂದು. ಈ ಸಂಕರದ ದೋಷವು ಅಚ್ಚುತಗಡಿನ ಮೂಲಕ ಸೂಕ್ಷ್ಮ ಲೋಹರೇಖೆಗಳನ್ನು ಮೂಡಿಸುವ ವಿದ್ಯೆಯ ಪರೀಕ್ಷೆಯಲ್ಲಿ ಸ್ಫುಟವಾಗಿ ಕಾಣುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವು ಸ್ಥಾಪಿತವಾದ ಮೇಲೆ ಇಂತಹ ಸೂಕ್ಷ್ಮನಿರ್ಮಾಣವು ಈ ನಾಡಿಗೆ ದೂರದ ಮಾತಲ್ಲ.

ತತ್ತ್ವವಾದರೋ ಹಳೆಯದೇ. ಮುರುಗಮಲ್ಲ, ಚಿಂತಾಮಣಿಗಳ ಕಡೆಯ ಅಂಗಳಗಳಲ್ಲಿಯೂ ತೂತುತಗಡಿನ ಮೇಲೆ ಪುಡಿಯುದುರಿಸಿ ರಂಗವಲ್ಲಿಯನ್ನಿಡುವವರುಂಟು. ತಗಡು ನೆಲಕ್ಕೆ ತಗುಲಿದ್ದರೆ ಅಂಚು ಸ್ಫುಟ. ತುಸು ಮೇಲೆದ್ದರೆ ಪುಡಿಯು ಹರಡಿ ಮಸುಕು. ಪ್ರಯೋಗಶಾಲೆಯಲ್ಲಿ ಪುಡಿಗೆ ಬದಲಾಗಿ ನಿರ್ವಾತದಲ್ಲಿ ಕಾಯಿಸಿದ ಚಿನ್ನ, ಅಲ್ಯೂಮಿನಿಯಂ ಮೊದಲಾದವುಗಳ ಆವಿ. ತಗಡಿಗೆ ಬದಲಾಗಿ ಸಿಲಿಕಾನ್ ನೈಟ್ರೈಡಿನ ತೆಳುಪೊರೆ. ಆವಿ ಹೊರಡುವ ಸ್ಥಾನದ ಅಗಲವನ್ನು, ಪೊರೆಗೂ ಕೆಳಗಿನ ಫಲಕಕ್ಕೂ ನಡುವಣ ತೆರಪಿನಿಂದ ಗುಣಿಸಿ, ಆ ಸ್ಥಾನದಿಂದ ಪೊರೆಗಿರುವ ದೂರದಿಂದ ಭಾಗಿಸಿದರೆ ಅಂಚಿನ ಮಸುಕು ತಿಳಿಯುವುದು. ಅಗಲ 5 ಮಿಲಿಮೀಟರ್, ದೂರ 500 ಮಿಲಿಮೀಟರ್, ತೆರಪು 10 ಮೈಕ್ರೋಮೀಟರ್ ಆದರೆ ಮಸುಕು 0.1 ಮೈಕ್ರೋಮೀಟರ್, 1 ಮೈಕ್ರೋಮೀಟರ್ ಅಗಲದ ರೇಖೆಗೆ ಇದು ಹತ್ತರಲ್ಲೊಂದು ಪಾಲು, ಅಲ್ಪವಲ್ಲ.

ತೆರಪು ಎಲ್ಲೆಡೆಯೂ ಸಮನಾಗಿದ್ದರೆ ರೇಖೆಗಳೆಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗುವುವು. ರಂಧ್ರವನ್ನು ಮೊದಲೇ ಕಿರಿದಾಗಿ ಕೊರೆದು ಇದನ್ನು ಪರಿಹರಿಸಬಹುದು. ಫಲಕವು ಅಲ್ಲಲ್ಲಿ ಬಾಗಿದ್ದರೆ ಹಿಗ್ಗು ಒಂದೊಂದೆಡೆ ಒಂದೊಂದು ಬಗೆ. ಇಷ್ಟು ಸಾಲದೆಂಬಂತೆ ರಂಧ್ರದ ಅಂಚಿಗೂ ಲೋಹವು ಮೆತ್ತಿಕೊಂಡು, ಬಳಸಿದಂತೆಲ್ಲ ರಂಧ್ರವೇ ಕಿರಿದಾಗುವುದು. ಆದುದರಿಂದ ಪರೀಕ್ಷಕನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ರಂಧ್ರವನ್ನೂ ರೇಖೆಯನ್ನೂ ಅನೇಕ ಕಡೆ ಅಳೆದು, ಸರಾಸರಿಯ ವ್ಯತ್ಯಾಸವನ್ನು ಬೇರೆಯಾಗಿ, ಅಳತೆಗಳ ಚೆದುರುವಿಕೆಯನ್ನು ಬೇರೆಯಾಗಿ ಹೇಳತಕ್ಕದ್ದು. ‘ನಿಖರತೆ 0.1 ಮೈಕ್ರೋಮೀಟರ್’ ಎಂದು ಬರೆದು ಸುಮ್ಮನಾದರೆ, ಪರಿಹಾರವುಳ್ಳ ದೋಷವಾವುದು, ಇಲ್ಲದ್ದಾವುದು ಎಂದು ಓದುವವನು ಹೇಗೆ ಬಲ್ಲನು?

ಗ್ರಂಥಸಂಪಾದಕರಿಗೆ ಈ ಭೇದವು ಹೊಸತಲ್ಲ. ಎ-ಏ, ಒ-ಓಗಳ ಅಂತರವನ್ನು ಎಲ್ಲಿಯೂ ತೋರಿಸದ ಓಲೆಯನ್ನು ಛಂದಸ್ಸಿನ ನೆರವಿನಿಂದ ಬಹುಮಟ್ಟಿಗೆ ತಿದ್ದಬಹುದು. ಒಮ್ಮೆ ತೋರಿಸಿ, ಒಮ್ಮೆ ಬಿಟ್ಟು, ಮತ್ತೊಮ್ಮೆ ತಪ್ಪಾಗಿ ತೋರಿಸುವ ಲಿಪಿಕಾರನ ಪ್ರತಿಯೇ ಕಷ್ಟ.

ಮೊದಲನೆಯ ಗುಣಕ್ಕೆ ‘ಯಾಥಾರ್ಥ್ಯ’ವೆಂಬುದು ಶಾಸ್ತ್ರಸಮ್ಮತವಾದರೂ ನಾಲಗೆಗೆ ಗಡುಸು. ‘ನಿಖರತೆ’ಯನ್ನೇ ಅದಕ್ಕೆ ಮೀಸಲಿಟ್ಟು, ಎರಡನೆಯದನ್ನು ‘ಏಕರೂಪತೆ’ಯೆನ್ನುವುದು ವಿಹಿತ.