ಸೀನಿಗೆ ಕಾರಣ ಮಲ್ಲಿಗೆಯೇ?

ಪರಾಗದ ಅಲರ್ಜಿಯನ್ನು ಕುರಿತ ನಮ್ಮ ಜನಪ್ರಿಯ ಬರಹಗಳಿಗೆ ಒಂದು ಸಿದ್ಧ ಮಾದರಿಯಿದೆ. ವಸಂತ ಬಂತು, ಹೂಗಳು ಅರಳಿದವು, ಪರಾಗ ಹಾರಿತು, ಸೀನು ಶುರುವಾಯಿತು. ಪಕ್ಕದಲ್ಲಿ ಬಣ್ಣದ ಹೂವಿನ ಚಿತ್ರ. ಕೊನೆಗೆ, ಕಿಟಕಿ ಮುಚ್ಚಿರಿ, ಹೂಗಳಿಂದ ದೂರವಿರಿ ಎಂಬ ಸಲಹೆ. ಈ ಮಾದರಿಯನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿಟ್ಟು ನೋಡಿದರೆ ಅದು ಎಲ್ಲಿ ಎಡವುತ್ತದೆ ಎಂಬುದನ್ನು ಪರಿಶೀಲಿಸೋಣ.

ಮೊದಲು, ಈ ಬರಹಗಳು ಸರಿಯಾಗಿ ಹೇಳುವ ಸಂಗತಿ. ನಿರುಪದ್ರವಿ ಪರಾಗವನ್ನು ಕೆಲವರ ದೇಹ ಶತ್ರುವೆಂದು ಬಗೆದು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಅದೇ ಪರಾಗ ಮತ್ತೆ ಮೂಗಿಗೆ ಬಂದಾಗ ಹಿಸ್ಟಮಿನ್ ಬಿಡುಗಡೆಯಾಗಿ ಸೀನು, ನೀರಿನಂಥ ಸಿಂಬಳ, ಕಣ್ಣು-ಮೂಗಿನ ತುರಿಕೆ ಉಂಟಾಗುತ್ತವೆ. ಇದರಲ್ಲಿ ದೋಷವಿಲ್ಲ. ದೋಷವಿರುವುದು ಹೆಸರು, ಆರೋಪಿ ಮತ್ತು ಪಂಚಾಂಗ ಈ ಮೂರರಲ್ಲಿ.

'ಹೇ ಫೀವರ್' ಎಂಬುದು ಇಂಗ್ಲೆಂಡಿನ ಹುಲ್ಲು ಕೊಯ್ಲಿನ ಕಾಲದಲ್ಲಿ ಹುಟ್ಟಿದ ಹೆಸರು. ಈ ರೋಗಕ್ಕೆ ಒಣಹುಲ್ಲು ಕಾರಣವಲ್ಲ, ಇದರಲ್ಲಿ ಜ್ವರವೂ ಬರುವುದಿಲ್ಲ. ಅದನ್ನು 'ಹುಲ್ಲು ಜ್ವರ' ಎಂದು ಅನುವಾದಿಸಿದರೆ ತಪ್ಪು ಇಮ್ಮಡಿಯಾಗುತ್ತದೆ. ನಮ್ಮಲ್ಲಿಯೂ ಇಂಥದೇ ಒಂದು ಹೆಸರಿದೆ. ಕಾಂಗ್ರೆಸ್ ಹುಲ್ಲು ಎಂದು ನಾವು ಕರೆಯುವ ಪಾರ್ಥೇನಿಯಂ ಹುಲ್ಲೇ ಅಲ್ಲ. ಅದು ಸೂರ್ಯಕಾಂತಿಯ ಕುಟುಂಬದ ಗಿಡ.

ಎರಡನೆಯದು ಆರೋಪಿಯ ಪ್ರಶ್ನೆ. ಹಡಗಲಿಯ ಮಲ್ಲಿಗೆ ಹೆಸರುವಾಸಿ. ಹೂ ಕಟ್ಟುವ ಮನೆಯಲ್ಲಿ ಯಾರಾದರೂ ಸೀನಿದರೆ ಬೆರಳು ಮೊದಲು ಬುಟ್ಟಿಯ ಕಡೆಗೆ ತಿರುಗುತ್ತದೆ. ಆದರೆ ಬಣ್ಣ, ವಾಸನೆಗಳಿಂದ ಕೀಟಗಳನ್ನು ಕರೆಯುವ ಹೂವಿನ ಪರಾಗ ಸಾಮಾನ್ಯವಾಗಿ ಅಂಟು ಅಂಟಾಗಿದ್ದು ಗಾಳಿಯಲ್ಲಿ ಹೆಚ್ಚು ತೇಲುವುದಿಲ್ಲ. ಗಾಢ ವಾಸನೆ ಕೆಲವರ ಮೂಗನ್ನು ಕೆರಳಿಸಬಹುದು, ಅದು ಅಲರ್ಜಿಯಲ್ಲ. ನಾವು ಹೂವೆಂದು ಗುರುತಿಸದ ಹೂಗಳನ್ನು ಬಿಡುವ ಗಿಡಗಳೇ ಹೆಚ್ಚಾಗಿ ನಿಜವಾದ ಆರೋಪಿಗಳು: ಹುಲ್ಲುಗಳು, ಹರಿವೆಯ ಜಾತಿಯ ಕಳೆಗಳು, ಪಾರ್ಥೇನಿಯಂ, ನಮ್ಮ ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ.

ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ಕಣದಲ್ಲಿ ಜೋಳ ತೂರುವಾಗ ಕಾಳು ಕಾಲ ಬಳಿ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ಪರಾಗದ ಲೆಕ್ಕವೂ ಇದೇ. 20 ಮೈಕ್ರೊಮೀಟರ್ ವ್ಯಾಸದ, ನೀರಿನಷ್ಟೇ ಸಾಂದ್ರತೆಯ ಕಣವೊಂದು ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1.2 ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತದೆಂದು ಸ್ಟೋಕ್ಸ್ ನಿಯಮ ತಿಳಿಸುತ್ತದೆ. ಪಾರ್ಥೇನಿಯಂ ಪರಾಗ ಹೆಚ್ಚುಕಡಿಮೆ ಈ ಗಾತ್ರದ್ದು. ಒಂದು ಮೀಟರ್ ಎತ್ತರದಿಂದ ಹೊರಟ ಅಂಥ ಕಣ ನೆಲ ಮುಟ್ಟಲು 80 ಸೆಕೆಂಡಿಗೂ ಹೆಚ್ಚು ಬೇಕು. ಗಾಳಿಯ ವೇಗ ಸೆಕೆಂಡಿಗೆ 3 ಮೀಟರ್ ಇದ್ದರೆ ಅಷ್ಟರಲ್ಲಿ ಅದು ಸುಮಾರು 250 ಮೀಟರ್ ಸಾಗಿರುತ್ತದೆ. ಮೆಕ್ಕೆಜೋಳದ ಪರಾಗದ ವ್ಯಾಸ ಸುಮಾರು 90 ಮೈಕ್ರೊಮೀಟರ್, ಇಳಿಯುವ ವೇಗ ಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್. ಎರಡು ಮೀಟರ್ ಎತ್ತರದಿಂದ ಹೊರಟರೂ 30 ಮೀಟರ್ ಸಾಗುವಷ್ಟರಲ್ಲಿ ಅದು ನೆಲಕ್ಕೆ ಬೀಳುತ್ತದೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯಂತೂ ಸಣ್ಣ ಕಣಗಳನ್ನು ಇನ್ನೂ ದೂರ ಒಯ್ಯುತ್ತದೆ. ಮನೆಯ ಮುಂದಿನ ಗಿಡ ಕಿತ್ತ ಮಾತ್ರಕ್ಕೆ ಸೀನು ನಿಲ್ಲದಿರುವುದಕ್ಕೆ ಇದೊಂದು ಕಾರಣ.

ಮೂರನೆಯದು ಪಂಚಾಂಗ. ಯುರೋಪಿನ ವಸಂತ ನಮ್ಮದಲ್ಲ. ಈ ಮಳೆಯಾಶ್ರಿತ ಸೀಮೆಯಲ್ಲಿ ಹುಲ್ಲು ತೆನೆ ಬಿಡುವುದು ಮುಂಗಾರು ಬಿದ್ದ ಮೇಲೆ. ಪಾರ್ಥೇನಿಯಂ ಮೊಳೆತ ಒಂದು ತಿಂಗಳ ಆಸುಪಾಸಿನಲ್ಲೇ ಹೂ ಬಿಡಬಲ್ಲದು. ತೇವವಿದ್ದರೆ ವರ್ಷದ ಯಾವ ಕಾಲದಲ್ಲಾದರೂ ಸರಿ. 1991ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೊಂದು ಪರೀಕ್ಷಿಸಿದವರಲ್ಲಿ ಸುಮಾರು 7 ಪ್ರತಿಶತ ಮಂದಿಗೆ ಪಾರ್ಥೇನಿಯಂ ಪರಾಗದಿಂದ ಮೂಗಿನ ಅಲರ್ಜಿ ಇರುವುದನ್ನು ತೋರಿಸಿತು. ಇದು ಮಹತ್ವದ ಕೆಲಸ. ಆದರೆ ಆ ಅಂಕಿಯನ್ನು ಕೂಡ್ಲಿಗಿಗೆ ಅಂಟಿಸಿದರೆ ಲಂಡನ್ನಿನ ವಸಂತವನ್ನು ಅಂಟಿಸಿದಂಥದೇ ತಪ್ಪಾಗುತ್ತದೆ. ನಮ್ಮ ಊರಿನ ಗಾಳಿಯನ್ನು ನಾವೇ ಅಳೆಯಬೇಕು.

ಅದು ಅಸಾಧ್ಯವೇನಲ್ಲ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಸ್ವತಃ ಈ ರೋಗಿ. ಅಂಟು ಬಳಿದ ಗಾಜಿನ ಪಟ್ಟಿಗಳ ಮೇಲೆ ಪರಾಗ ಹಿಡಿದು, ಎಣಿಸಿ, ಗಾಳಿಪಟ ಕಟ್ಟಿ ಮೇಲಿನ ಗಾಳಿಯನ್ನೂ ಪರೀಕ್ಷಿಸಿ, 1873ರಲ್ಲಿ ಪುಸ್ತಕ ಪ್ರಕಟಿಸಿದ. ಪ್ರೌಢಶಾಲೆಯ ಸೂಕ್ಷ್ಮದರ್ಶಕ ಮತ್ತು ತೆಳುವಾಗಿ ವ್ಯಾಸಲೀನ್ ಸವರಿದ ಸ್ಲೈಡ್ ಇದ್ದರೆ ಈ ಕೆಲಸ ಆರಂಭಿಸಬಹುದು. ಮಳೆ ತಾಗದ ಕಡೆ ದಿನಕ್ಕೊಂದು ಸ್ಲೈಡ್ ಇಡಿ, ಎಣಿಸಿ, ದಿನಾಂಕ ಬರೆಯಿರಿ. ಒಂದು ಎಚ್ಚರಿಕೆ: ಬೇಗ ಇಳಿಯುವ ದೊಡ್ಡ ಕಣಗಳು ಸ್ಲೈಡಿನ ಮೇಲೆ ಹೆಚ್ಚು ಬೀಳುತ್ತವೆ. ಗಾಳಿಯಲ್ಲಿ ಎರಡೂ ಸಮನಾಗಿದ್ದರೂ ಮೆಕ್ಕೆಜೋಳದ ಕಣಗಳು ಪಾರ್ಥೇನಿಯಂ ಕಣಗಳ ಹದಿನಾರು ಪಟ್ಟು ಕಂಡಾವು. ಎಣಿಕೆಯನ್ನು ಇಳಿಯುವ ವೇಗದಿಂದ ಭಾಗಿಸದೆ ತೀರ್ಮಾನಕ್ಕೆ ಬರಬಾರದು.

ಸಲಹೆಗಳೂ ಬದಲಾಗಬೇಕು. ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳಿಗೆ ಕಿಟಕಿ ಮುಚ್ಚಿ ಎಂದರೆ ಅರ್ಥವೇನು? ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ ಕೀಳಿ, ಕೈಗೆ ಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಮನೆಗೆ ಬಂದೊಡನೆ ಮುಖ ತೊಳೆಯಿರಿ ಎನ್ನಬೇಕು. ನೆಗಡಿ ವಾರ, ಹತ್ತು ದಿನಗಳಲ್ಲಿ ಇಳಿಯುತ್ತದೆ. ಜ್ವರವಿಲ್ಲದೆ ತುರಿಕೆಯೊಡನೆ ವಾರಗಟ್ಟಲೆ ಸೀನು ಕಾಡಿದರೆ, ಅದೂ ಪ್ರತಿವರ್ಷ ಅದೇ ಕಾಲಕ್ಕೆ ಬಂದರೆ, ಅಲರ್ಜಿಯನ್ನು ಶಂಕಿಸಬೇಕು. ಅದಕ್ಕೆ ಆ್ಯಂಟಿಬಯಾಟಿಕ್ ನಿರುಪಯೋಗಿ. ವೈದ್ಯರು ಸೂಚಿಸುವ ಸಿಟ್ರಿಜಿನ್‌ನಂಥ ಮಾತ್ರೆ, ನಿಯಮಿತವಾಗಿ ಬಳಸುವ ಸ್ಟೆರಾಯ್ಡ್ ಮೂಗಿನ ಸ್ಪ್ರೇ ಇದಕ್ಕೆ ಮದ್ದು. ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಹನಿಗಳನ್ನು ಕೆಲವೇ ದಿನ ಬಳಸಬೇಕು. ಮುಂದುವರಿಸಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ಎದೆಯಲ್ಲಿ ಸುಯ್ ಸದ್ದು, ಉಬ್ಬಸ ಕಂಡರೆ ತಡಮಾಡಬಾರದು.

ಪರಾಗಸ್ಪರ್ಶದ ಪಾಠದಲ್ಲಿ ದುಂಬಿಯೊಂದಿಗೆ ಗಾಳಿಗೂ ಸಮನಾದ ಜಾಗ ಸಿಗಲಿ. ಮುಂದಿನ ಮುಂಗಾರಿಗೆ ಈ ಐದು ತಾಲ್ಲೂಕುಗಳಲ್ಲಿ ಒಂದೊಂದು ಶಾಲೆ ಸ್ಲೈಡ್ ಇಟ್ಟರೂ ಒಂದು ವರ್ಷದೊಳಗೆ ನಮ್ಮದೇ ಪರಾಗ ಪಂಚಾಂಗದ ಮೊದಲ ಕರಡು ಸಿದ್ಧವಾಗುತ್ತದೆ. ಮಲ್ಲಿಗೆಯ ಮೇಲಿನ ದೂರನ್ನು ವಿಚಾರಣೆ ಮಾಡಲು ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರಿಲ್ಲ.