ಟೆಂಟಿನ ಲೆಕ್ಕಕ್ಕೆ ಸಿಕ್ಕ ದೆವ್ವಗಳು

1957ರ ‘ದಿ ಅಮೇಜಿಂಗ್ ಕೊಲೊಸಲ್ ಮ್ಯಾನ್’ ಚಿತ್ರದಲ್ಲಿ ಪ್ಲುಟೋನಿಯಂ ಬಾಂಬಿನ ಝಳಕ್ಕೆ ಸಿಕ್ಕಿ 60 ಅಡಿ ಬೆಳೆದ ಸೈನ್ಯಾಧಿಕಾರಿಯನ್ನು ನಿರ್ದೇಶಕ ಬರ್ಟ್ ಐ. ಗಾರ್ಡನ್ ಅಣೆಕಟ್ಟಿನ ಮೇಲಿಂದ ಬೀಳಿಸಿದರು. ಮರುವರ್ಷವೇ ‘ವಾರ್ ಆಫ್ ದಿ ಕೊಲೊಸಲ್ ಬೀಸ್ಟ್’ನಲ್ಲಿ ಅವನು ಮೆಕ್ಸಿಕೋದಲ್ಲಿ ಜೀವಂತ ಸಿಕ್ಕ. ಮೊದಲು ಪಾತ್ರ ಮಾಡಿದ್ದ ಗ್ಲೆನ್ ಲ್ಯಾಂಗನ್ ಇದರಲ್ಲಿಲ್ಲ. ಅರ್ಧ ಮುಖ ಕೊಳೆತಂತೆ ಬಣ್ಣ ಹಚ್ಚಿಕೊಂಡ ಡೀನ್ ಪಾರ್ಕಿನ್ ಬಂದಿದ್ದಾರೆ. ಗಾಯವಾದ ಮುಖವೆಂದರೆ ನಟ ಬದಲಾದದ್ದೂ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಹಿಂದಿನ ಚಿತ್ರದ ತುಣುಕುಗಳನ್ನೇ ನೆನಪಿನ ದೃಶ್ಯಗಳಾಗಿ ಜೋಡಿಸಿದ್ದರಿಂದ ಒಂದಷ್ಟು ಫಿಲ್ಮೂ ಉಳಿಯಿತು. ಕೊನೆಯಲ್ಲಿ ವಿದ್ಯುತ್ ತಂತಿ ಹಿಡಿದು ಸಾಯುವಾಗ ಮಾತ್ರ ಕಪ್ಪುಬಿಳುಪು ಪರದೆಗೆ ಬಣ್ಣ ಬರುತ್ತದೆ. ಕಾರಿನಲ್ಲೇ ಕುಳಿತು ನೋಡುವ ಡ್ರೈವ್-ಇನ್ ಬಯಲುಗಳಿಗೆ ಇಷ್ಟು ಸಾಕಿತ್ತು. ಆದರೆ ಸತ್ತವನು ಹೇಗೆ ಬದುಕಿದ ಎಂದು ವಿವರಿಸುವುದರಲ್ಲೇ ಕಥೆಯ ಅರ್ಧ ಶಕ್ತಿ ಸೋರಿಹೋಗಿದೆ. ಅಣುಬಾಂಬಿಗೆ ಬಲಿಯಾದ ಮನುಷ್ಯನ ಸಂಕಟ ಮೊದಲ ಚಿತ್ರದಲ್ಲಿತ್ತು. ಎರಡನೆಯದರಲ್ಲಿ ಉಳಿದದ್ದು ಘರ್ಜನೆ.

ದುಡ್ಡಿನ ಇದೇ ಬಡತನವನ್ನು ನಮ್ಮ ಕಡೆಯ ಒಂದು ಪರಂಪರೆ ಹೆಚ್ಚು ಜಾಣತನದಿಂದ ನಿಭಾಯಿಸಿತು ಎಂಬುದು ನನ್ನ ವಾದ. ಉಡುಪಿಯಲ್ಲಿ ಹುಟ್ಟಿದ ಬಿ. ವಿಠಲಾಚಾರ್ಯ ಅರಸೀಕೆರೆ ಸೀಮೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿದವರು. ಡಿ. ಶಂಕರ್ ಸಿಂಗ್ ಜೊತೆ ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನಲ್ಲಿ ‘ನಾಗಕನ್ನಿಕ’ (1949), ‘ಜಗನ್ಮೋಹಿನಿ’ (1951) ಚಿತ್ರಗಳ ಹಿಂದೆ ನಿಂತವರು. ಟೆಂಟು ನಡೆಸಿದವನಿಗೆ ಒಂದು ವಿಷಯ ಪುಸ್ತಕವಿಲ್ಲದೆ ಗೊತ್ತಾಗುತ್ತದೆ: ನೆಲದ ಮೇಲೆ ಕುಳಿತ ಪ್ರೇಕ್ಷಕ ಹಿಂದಿನ ಕಥೆಯ ಕೊಂಡಿ ಹುಡುಕಿಕೊಂಡು ಬರುವುದಿಲ್ಲ, ಕಳೆದ ಸಲ ಕಂಡ ಬೆರಗಿನ ಆಸೆಯಿಂದ ಬರುತ್ತಾನೆ. ಹಾಗಾಗಿ ವಿಠಲಾಚಾರ್ಯರು ಮುಂದುವರಿಸಿದ್ದು ಕಥೆಯನ್ನಲ್ಲ, ಕರಾಮತ್ತನ್ನು. ಅಸ್ಥಿಪಂಜರ, ಹಾವು, ಮಾಂತ್ರಿಕ, ಮಾಯವಾಗುವ ಹೆಣ್ಣು ಚಿತ್ರದಿಂದ ಚಿತ್ರಕ್ಕೆ ನಡೆದು ಬರುತ್ತವೆ. ರಾಜ್ಯ, ರಾಜಕುಮಾರ, ಶಾಪ ಹೊಸದಾಗಿ ಶುರುವಾಗುತ್ತವೆ. 1978ರಲ್ಲಿ ತೆಲುಗಿನಲ್ಲಿ ಅವರು ‘ಜಗನ್ಮೋಹಿನಿ’ ಎಂಬ ಹಳೆಯ ಹೆಸರನ್ನೇ ಮತ್ತೆ ಬಳಸಿದಾಗ 1951ರ ಚಿತ್ರ ನೋಡಿರಬೇಕೆಂಬ ಷರತ್ತೇನೂ ಇರಲಿಲ್ಲ. ಅದರಲ್ಲಿ ದೆವ್ವ ತನ್ನ ಕಾಲುಗಳನ್ನೇ ಸೌದೆಯಂತೆ ಒಲೆಗೆ ಇಟ್ಟು ಅಡುಗೆ ಮಾಡುವ ದೃಶ್ಯವಿದೆ. ಖರ್ಚು ಒಂದು ಒಲೆ, ಒಂದು ಜೋಡಿ ಸುಳ್ಳು ಕಾಲು. ಗಾರ್ಡನ್ನರ 60 ಅಡಿಯ ದೈತ್ಯ ಹಿನ್ನೆಲೆಯ ಊರಿನ ಜೊತೆ ಹೊಂದದೆ ಪಾರದರ್ಶಕವಾಗುವಲ್ಲಿ, ಈ ಹೆಂಗಸು ಅಡುಗೆಮನೆಯಷ್ಟೇ ಗಾತ್ರದಲ್ಲಿ ಹೆದರಿಸುತ್ತಾಳೆ. ತಕರಾರು ಮಾಡಿದ ನಟನನ್ನು ಆಚಾರ್ಯರು ಗಿಳಿ ಮಾಡಿ ಶೂಟಿಂಗ್ ಮುಗಿಸುತ್ತಿದ್ದರಂತೆ. ಈ ಮಾತು ಎಷ್ಟು ನಿಜವೋ, ಆ ಕಥಾಲೋಕದಲ್ಲಿ ಅದು ಸಾಧ್ಯವಿತ್ತು ಎಂಬುದಂತೂ ನಿಜ. ಗಾರ್ಡನ್ನರಿಗೆ ಆ ಸೌಲಭ್ಯವಿರಲಿಲ್ಲ.

ದುಡ್ಡಿಲ್ಲದ್ದನ್ನೇ ಕಲೆಯೆಂದು ಹೊಗಳುವ ಚಟ ಇದು ಎನ್ನಬಹುದು. ಆಕ್ಷೇಪದಲ್ಲಿ ಹುರುಳಿದೆ. ಬೆರಗನ್ನೇ ನೆಚ್ಚಿದ ಚಿತ್ರಗಳು ಬೆರಗು ಹಳಸಿದಾಗ ನರ್ತಕಿಯ ಮೈಮಾಟದತ್ತ ಜಾರಿದವು. ಎಪ್ಪತ್ತರ ದಶಕದ ಕೊನೆಯ ಚಿತ್ರಗಳಲ್ಲಿ ಜಯಮಾಲಿನಿಯ ಕುಣಿತಕ್ಕೆ ಸಿಕ್ಕ ಜಾಗ ಕಥೆಗೆ ಸಿಗಲಿಲ್ಲ. ಪ್ರತಿ ಸಲ ಹೊಸದಾಗಿ ಶುರುವಾಗುವ ಲೋಕದಲ್ಲಿ ದೆವ್ವಕ್ಕೆ ನೆನಪೂ ಇರುವುದಿಲ್ಲ. ಜಪಾನಿನ ‘ಗೊಜಿರಾ’ದ (1954) ಎರಡನೇ ಭಾಗ ಆರು ತಿಂಗಳೊಳಗೆ ಅವಸರದಲ್ಲಿ ಬಂತು; ಆದರೂ ಮುಂದೆ ಬಂದ ಸರಣಿಯಲ್ಲಿ ಆ ಪ್ರಾಣಿಗೆ ಒಂದು ಚರಿತ್ರೆ ಬೆಳೆಯಿತು. ನಮ್ಮ ಮೋಹಿನಿಯರಿಗೆ ಅದು ದಕ್ಕಲಿಲ್ಲ. ಇಷ್ಟಾದರೂ ಹೊಸ ಅಲೆಯ ‘ಸಂಸ್ಕಾರ’ದ (1970) ನಂತರ ನಮ್ಮ ಚಿತ್ರವಿಮರ್ಶೆ ಈ ಪರಂಪರೆಯತ್ತ ಗಂಭೀರವಾಗಿ ಹೊರಳಲಿಲ್ಲ. ಅದಕ್ಕೆ ದೋಷಗಳಿಗಿಂತ ಮುಜುಗರವೇ ಹೆಚ್ಚು ಕಾರಣ.

ಇನ್ನೊಂದು ತಕರಾರು: ಮದ್ರಾಸಿಗೆ ಹೋಗಿ ತೆಲುಗಿನಲ್ಲಿ ಹೆಸರು ಮಾಡಿದವರ ಕೆಲಸ ಕನ್ನಡದ್ದು ಹೇಗೆ? ಬೆಂಗಳೂರಿನ ಪೂರ್ವಭಾಗವನ್ನೇ ನೋಡಿ. ಐವತ್ತರ ದಶಕದಲ್ಲಿ ಕಂಟೋನ್ಮೆಂಟಿನ ಪ್ಲಾಜಾದಂಥ ಚಿತ್ರಮಂದಿರಗಳಲ್ಲಿ ಇಂಗ್ಲಿಷ್ ಚಿತ್ರ, ಕೆಂಪೇಗೌಡ ರಸ್ತೆಯಲ್ಲಿ ಕನ್ನಡ ಚಿತ್ರ ಎಂಬ ಸ್ಥೂಲ ವಿಂಗಡಣೆ ಇತ್ತು. ಹಲಸೂರಿನಿಂದ ಕೆ.ಆರ್. ಪುರದವರೆಗಿನ ಮನೆಗಳಲ್ಲಿ ಮಾತ್ರ ಅಂಥ ವಿಂಗಡಣೆ ನಡೆಯದು. ಒಂದೇ ವಠಾರದಲ್ಲಿ ಕನ್ನಡ, ತಮಿಳು, ತೆಲುಗು. ಮುಂದೆ ತಮಿಳಿಗೂ ಡಬ್ ಆಗಿ ಓಡಿದ 1978ರ ‘ಜಗನ್ಮೋಹಿನಿ’ಗೆ ಇಂಥ ಪ್ರೇಕ್ಷಕರೇ ಬೇಕಿತ್ತು. ಮಾತು ತಿಳಿಯದಿದ್ದರೂ ಉರಿಯುವ ಕಾಲು ಯಾರಿಗೂ ತಿಳಿಯುತ್ತದೆ ಎಂಬ ಲೆಕ್ಕ ಕಲಿತದ್ದು ಹಾಸನ ಜಿಲ್ಲೆಯ ಟೆಂಟುಗಳಲ್ಲಿ, ಕನ್ನಡದ ಜನರ ಮುಂದೆ.